ಹತ್ತು ಸಾವಿರದಲ್ಲಿ ಕೆಮ್ಮಣ್ಣುಗುಂಡಿ ಘಾಟಿಗೆ ಟೈರ್: ಸೆಕೆಂಡ್‌ಹ್ಯಾಂಡ್ ನಿಜವಾಗ್ಲೂ ಅಗ್ಗಾನಾ?

ಈ ವಾರದ ವಿಷಯ ನಾನು ಆರಿಸಿದ್ದಲ್ಲ, ಲಿಂಗದಹಳ್ಳಿ ಕಡೆಯ ಕೇಳುಗರೊಬ್ಬರು ವಾಯ್ಸ್ ನೋಟ್‌ನಲ್ಲಿ ಕಳಿಸಿದ್ದು. ಅವರ ಪ್ರಶ್ನೆ ಇಷ್ಟು: "ಅಣ್ಣಾ, ಮನೇಲಿ ಹಳೇ ಸ್ವಿಫ್ಟ್ ಇದೆ. ಟೈರ್ ಸವೀತಾ ಬಂದಿದೆ, ಎರಡಂತೂ ಬೋಳೇ. ಕೈಲಿರೋದು ಹತ್ತು ಸಾವಿರ. ಸೆಕೆಂಡ್‌ಹ್ಯಾಂಡ್ ಆದ್ರೆ ನಾಲ್ಕೂ ಸೇರಿ ಎಂಟು ಸಾವಿರಕ್ಕೆ ಕೊಡ್ತೀವಿ ಅಂತಿದಾರೆ. ಮಳೆಗಾಲ ಹತ್ರ ಬಂತು. ನೆಂಟರು ಬಂದ್ರೆ ಕೆಮ್ಮಣ್ಣುಗುಂಡಿಗೆ ಕರ್ಕೊಂಡು ಹೋಗ್ಲೇಬೇಕು, ಗೊತ್ತಲ್ಲ. ಏನ್ ಮಾಡ್ಲಿ?"

ಒಳ್ಳೇ ಪ್ರಶ್ನೆ. ಯಾಕಂದ್ರೆ ಟೈರ್ ಬಗ್ಗೆ ಯೂಟ್ಯೂಬ್‌ನಲ್ಲಿ ಸಿಗೋ ಸಲಹೆಯೆಲ್ಲ ಹೆಚ್ಚುಕಮ್ಮಿ ಎಕ್ಸ್‌ಪ್ರೆಸ್‌ವೇ ಮೇಲೆ ಓಡಾಡೋರಿಗೆ. ನಮ್ಮ ತರೀಕೆರೆ, ಕಡೂರು, ಅಜ್ಜಂಪುರದೋರ ಕಥೆ ಬೇರೆ. ಬೆಳಗ್ಗೆ ಶಿವಮೊಗ್ಗ ಹೆದ್ದಾರೀಲಿ ಎಂಬತ್ತರಲ್ಲಿ ಓಡೋ ಅದೇ ಕಾರು ಸಂಜೆ ಕಲ್ಲತ್ತಿಗಿರಿ ದಾಟಿ ಘಾಟಿ ಹತ್ತಬೇಕು. ತರೀಕೆರೆ ಸಮುದ್ರಮಟ್ಟದಿಂದ ಸುಮಾರು 700 ಮೀಟರ್, ಕೆಮ್ಮಣ್ಣುಗುಂಡಿ 1,434 ಮೀಟರ್. ಅಂದ್ರೆ ಊರಿನ ಎತ್ತರದಷ್ಟೇ ಇನ್ನೊಂದು ಸಲ ಹತ್ತಬೇಕು, ಮತ್ತೆ ಅಷ್ಟನ್ನೂ ಇಳೀಬೇಕು. ನಮಗೆ ಮುಖ್ಯ ಆಗೋದು ಆ ಇಳಿಯೋ ಭಾಗ.

ಮೊದಲು ದುಡ್ಡಿನ ವಿಷಯ. ನಾನು ಕಾಮರ್ಸ್ ಓದಿದವನು, ಇಂಜಿನ್ ಬಗ್ಗೆ ಕೇಳಿದ್ರೆ ಮೆಕ್ಯಾನಿಕ್‌ನ ತೋರಿಸ್ತೀನಿ. ಆದ್ರೆ ಟೈರ್ ಅನ್ನೋದು ಸವಕಳಿ ಲೆಕ್ಕ, ಡಿಪ್ರಿಸಿಯೇಶನ್. ಅದು ನನಗೆ ಬರುತ್ತೆ.

ಟೈರ್ ಅಂಗಡೀಲಿ ನಾವು ದುಡ್ಡು ಕೊಡೋದು ಯಾವುದಕ್ಕೆ? ರಬ್ಬರಿನ ಉಂಗುರಕ್ಕಲ್ಲ, ಅದರ ಮೇಲಿರೋ ಗ್ರಿಪ್‌ನ ಆಳಕ್ಕೆ. ಹೊಸ ಕಾರ್ ಟೈರ್‌ನಲ್ಲಿ ಆ ಕಾಲುವೆಗಳ ಆಳ ಸಾಮಾನ್ಯವಾಗಿ 7ರಿಂದ 8 ಮಿಲಿಮೀಟರ್. ಅದು 1.6 ಮಿಲಿಮೀಟರ್‌ಗೆ ಇಳಿದ್ರೆ ಕಾರಿನ ಟೈರ್ ಕಾನೂನು ಪ್ರಕಾರ ಮುಗೀತು. ಅದನ್ನ ಅಳೆಯೋಕೆ ಸಲಕರಣೆ ಬೇಕಿಲ್ಲ. ಕಾಲುವೆಯ ತಳದಲ್ಲಿ ಅಡ್ಡಕ್ಕೆ ಸಣ್ಣ ರಬ್ಬರ್ ದಿಬ್ಬ ಇರುತ್ತೆ, ಅಲ್ಲಲ್ಲಿ. ಗ್ರಿಪ್ ಸವೆದು ಆ ದಿಬ್ಬದ ಸಮಕ್ಕೆ ಬಂದ್ರೆ 1.6 ತಲುಪಿದೆ ಅಂತ ಅರ್ಥ.

ಈಗ ಲೆಕ್ಕ ಹಾಕೋಣ. ಹೊಸ ಟೈರ್ 4,500 ರೂಪಾಯಿ, ಆಳ 8 ಮಿಲಿಮೀಟರ್ ಅಂತ ಇಟ್ಕೊಳ್ಳಿ. ಇದು ಉದಾಹರಣೆಗೆ ಹಿಡಿದ ಬೆಲೆ, ನಿಮ್ಮೂರಿನ ರೇಟ್ ನೀವೇ ಕೇಳ್ಕೊಳ್ಳಿ. 8ರಲ್ಲಿ 1.6 ಕಳೆದ್ರೆ ನಮಗೆ ಬಳಸೋಕೆ ಸಿಗೋದು 6.4. ಒಂದು ಮಿಲಿಮೀಟರ್‌ಗೆ ಬಿದ್ದ ಬೆಲೆ ಸುಮಾರು 703 ರೂಪಾಯಿ. ಸೆಕೆಂಡ್‌ಹ್ಯಾಂಡ್ ಟೈರ್ 2,000 ರೂಪಾಯಿ, ಅದರಲ್ಲಿ "ಅರ್ಧ ಗ್ರಿಪ್ ಇದೆ ಸಾರ್" ಅಂತಾರೆ, ಅಂದ್ರೆ 4 ಮಿಲಿಮೀಟರ್. ಕೇಳೋಕೆ ನ್ಯಾಯ ಅನ್ಸುತ್ತೆ, ಅರ್ಧಕ್ಕಿಂತ ಕಮ್ಮಿ ದುಡ್ಡಿಗೆ ಅರ್ಧ ಟೈರ್. ಆದ್ರೆ 4ರಲ್ಲಿ 1.6 ಕಳೀರಿ. ಸಿಗೋದು 2.4. ಮಿಲಿಮೀಟರ್‌ಗೆ 833 ರೂಪಾಯಿ. ಅಗ್ಗದ ಟೈರೇ ದುಬಾರಿ ಬಿತ್ತು.

ಇನ್ನೂ ಇದೆ. ಮಳೆಗಾಲದಲ್ಲಿ ಘಾಟಿ ಓಡಾಡೋರು 1.6ರ ತನಕ ಕಾಯಬಾರದು. ಆ 1.6 ಕಾನೂನಿನ ಗಡಿ, ಅದಕ್ಕೆ ತುಂಬಾ ಮೊದಲೇ ಒದ್ದೆ ರಸ್ತೇಲಿ ಬ್ರೇಕ್ ಹಿಡಿಯೋ ದೂರ ಜಾಸ್ತಿ ಆಗ್ತಾ ಬರುತ್ತೆ. ನನ್ನ ಪ್ರಕಾರ ನಮ್ಮ ಕಡೆಗೆ 3 ಮಿಲಿಮೀಟರ್ ಅನ್ನೋದೇ ಕೊನೆ. ಈ ಗಡಿ ಇಟ್ಕೊಂಡು ಮತ್ತೆ ಲೆಕ್ಕ ಹಾಕಿ: ಹೊಸದ್ರಲ್ಲಿ ಬಳಸೋಕೆ 5 ಮಿಲಿಮೀಟರ್, ಒಂದಕ್ಕೆ 900 ರೂಪಾಯಿ. ಹಳೇದ್ರಲ್ಲಿ ಬರೀ 1 ಮಿಲಿಮೀಟರ್. ಪೂರ್ತಿ 2,000 ಆ ಒಂದೇ ಮಿಲಿಮೀಟರ್‌ಗೆ! ಒಂದೇ ಮಳೆಗಾಲ ಮುಗಿಯೋಷ್ಟರಲ್ಲಿ ಮತ್ತೆ ಅಂಗಡಿ ಮುಂದೆ ನಿಂತಿರ್ತೀರಿ.

ಇದ್ರಲ್ಲಿ ಆ ಟೈರ್ ಮೊದಲು ಯಾರ ಕೈಲಿತ್ತು, ಗಾಳಿ ಇಲ್ಲದೆ ಎಷ್ಟು ದೂರ ಓಡಿತ್ತು, ಒಳಗಿನ ನೂಲು ತುಂಡಾಗಿದ್ಯಾ, ಇದ್ಯಾವುದೂ ಸೇರಿಲ್ಲ. ಹೊರಗಿಂದ ನೋಡಿದ್ರೆ ಅದು ಕಾಣಲ್ಲ. ಕಪ್ಪು ಪಾಲಿಶ್ ಹೊಡೆದ ಮೇಲಂತೂ ಎಲ್ಲಾ ಟೈರೂ ಮದುಮಗನ ಥರಾನೇ.

ಸೆಕೆಂಡ್‌ಹ್ಯಾಂಡ್‌ನಲ್ಲಿ ಒಂದೇ ಒಂದು ಜಾತಿ ನಾನು ಒಪ್ಪೋದು. ಬೆಂಗಳೂರಿನಲ್ಲಿ ಕೆಲವರು ಶೋರೂಮ್‌ನಿಂದ ಹೊಸ ಕಾರು ತಂದ ತಕ್ಷಣ ದೊಡ್ಡ ಅಲಾಯ್ ಹಾಕಿಸ್ತಾರೆ. ಕಂಪನಿಯಿಂದ ಬಂದ ಟೈರ್‌ನ ಬಿಚ್ಚಿ ಮಾರ್ತಾರೆ. ಇದು ಹೆಚ್ಚುಕಮ್ಮಿ ಹೊಸದೇ. ಯಾರಾದ್ರೂ ಪರಿಚಯದೋರು ತಂದುಕೊಡ್ತಾರೆ, ನಿಮ್ಮ ಸೈಜೇ ಇದೆ ಅಂದ್ರೆ ನೋಡಬಹುದು. ಆದ್ರೆ ಅದಕ್ಕೂ ಒಂದು ಪರೀಕ್ಷೆ ಇದೆ, ವಯಸ್ಸು.

ಟೈರ್‌ಗೂ ಜಾತಕ ಇದೆ

ಟೈರ್ ಪಕ್ಕದಲ್ಲಿ ಡಿಒಟಿ ಅಂತ ಅಕ್ಷರಗಳಿಂದ ಶುರುವಾಗೋ ಒಂದು ಸಾಲು ಇರುತ್ತೆ. ಅದರ ಕೊನೆಯ ನಾಲ್ಕು ಅಂಕಿ ನೋಡಿ. 1824 ಅಂತಿದ್ರೆ 2024ನೇ ಇಸವಿಯ 18ನೇ ವಾರ ತಯಾರಾದದ್ದು, ಹೆಚ್ಚುಕಮ್ಮಿ ಮೇ ತಿಂಗಳ ಶುರು. ನಾಲ್ಕು ಅಂಕಿ ಒಂದು ಪಕ್ಕ ಮಾತ್ರ ಇರಬಹುದು, ಕಾಣ್ಲಿಲ್ಲ ಅಂದ್ರೆ ಟೈರ್ ತಿರುಗಿಸಿ ನೋಡಿ.

ಇದು ಯಾಕೆ ಮುಖ್ಯ? ರಬ್ಬರ್ ಬಳಸದೇ ಇಟ್ರೂ ಹಳೇದಾಗುತ್ತೆ, ಗಟ್ಟಿಯಾಗುತ್ತೆ. ಇಲ್ಲೊಂದು ಸೂಕ್ಷ್ಮ ಇದೆ, ಸ್ವಲ್ಪ ಗಮನ ಇಟ್ಟು ಕೇಳಿ. ಹೆದ್ದಾರೀಲಿ ಮಳೆ ಬಂದಾಗ ಅಪಾಯ ಏನಂದ್ರೆ ನೀರು. ವೇಗ ಜಾಸ್ತಿ, ಟೈರ್ ಕೆಳಗಿನ ನೀರು ಕಾಲುವೆಗಳಲ್ಲಿ ಹರಿದು ಹೊರಗೆ ಹೋಗೋಕೆ ಟೈಮ್ ಸಾಕಾಗಲ್ಲ, ಕಾರು ನೀರಿನ ಮೇಲೇ ತೇಲಿದಂಗೆ ಜಾರುತ್ತೆ. ಅಲ್ಲಿ ಬೇಕಾಗೋದು ಗ್ರಿಪ್‌ನ ಆಳ. ಘಾಟಿ ಹೇರ್‌ಪಿನ್‌ನಲ್ಲಿ ನೀವು ಹೋಗೋದೇ ಇಪ್ಪತ್ತರಲ್ಲಿ. ಅಲ್ಲಿ ಕಾರು ತೇಲಲ್ಲ. ಅಲ್ಲಿ ರಬ್ಬರ್ ಮೆತ್ತಗಿದ್ದು, ಒದ್ದೆ ಡಾಂಬರಿನ ಸಣ್ಣ ಸಣ್ಣ ಉಬ್ಬುತಗ್ಗಿಗೆ ಅಂಟಿಕೊಂಡಂಗೆ ಕೂರಬೇಕು. ಏಳೆಂಟು ವರ್ಷದ ಟೈರ್‌ನಲ್ಲಿ ಆಳ ಎಷ್ಟೇ ಇರಲಿ, ರಬ್ಬರ್ ಬಳಪದ ಥರ ಗಟ್ಟಿಯಾಗಿದ್ರೆ ಅದು ಕೂರಲ್ಲ, ಜಾರುತ್ತೆ.

ಅದರ ಮೇಲೆ ನಮ್ಮ ಮಣ್ಣು. ಊರಿನ ಹೆಸರೇ ಕೆಮ್ಮಣ್ಣು. ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ ಒಂದು ಕಾಲದಲ್ಲಿ ಅದಿರು ಹೋಗ್ತಿದ್ದದ್ದು ಇದೇ ಬೆಟ್ಟದಿಂದ. ಜೂನ್ ಜುಲೈನಲ್ಲಿ ಆ ಕೆಂಪುಮಣ್ಣು ಅಂಚಿನಿಂದ ಕೊಚ್ಚಿಕೊಂಡು ಬಂದು ತಿರುವಿನಲ್ಲಿ ದೋಸೆಹಿಟ್ಟಿನ ಥರ ಹರಡಿಕೊಳ್ಳುತ್ತೆ. ಬರೀ ನೀರಿಗಿಂತ ಅದು ಕೆಟ್ಟದ್ದು. ಆಳ ಕಮ್ಮಿ ಇರೋ ಗ್ರಿಪ್‌ನಲ್ಲಿ ಒಂದೇ ಸಲಕ್ಕೆ ತುಂಬ್ಕೊಂಡು, ಟೈರ್ ನುಣ್ಣಗಾಗಿಬಿಡುತ್ತೆ. ಹಾಗಾಗಿ ನಮಗೆ ಆಳವೂ ಬೇಕು, ಮೆತ್ತಗಿನ ರಬ್ಬರೂ ಬೇಕು.

ಎಷ್ಟು ಹಳೇ ಸ್ಟಾಕ್ ಆದ್ರೆ ತಗೋಬಹುದು? ನನ್ನ ಉತ್ತರ ನಿಮ್ಮ ಓಡಾಟದ ಮೇಲೆ ನಿಂತಿದೆ. ಒಂದು ಟೈರ್ 45,000 ಕಿಲೋಮೀಟರ್ ಬರುತ್ತೆ ಅಂದ್ಕೊಳ್ಳಿ. ದಿನಾ ಬೀರೂರು–ಶಿವಮೊಗ್ಗ ಓಡಾಡೋರು ಅದನ್ನ ಬೇಗನೇ ಸವೆಸಿ ಮುಗಿಸ್ತಾರೆ. ಅಂಥೋರಿಗೆ ಒಂದೂವರೆ ವರ್ಷ ಹಳೇ ಸ್ಟಾಕ್ ಟೈರ್‌ನ ಒಳ್ಳೇ ಡಿಸ್ಕೌಂಟ್‌ಗೆ ಕೊಟ್ರೆ ಲಾಭವೇ. ಆದ್ರೆ ವರ್ಷಕ್ಕೆ 8,000 ಓಡಿಸೋರಿಗೆ 45,000 ಮುಗಿಯೋಕೆ ಐದೂವರೆ ವರ್ಷ ಬೇಕು. ಅವರ ಟೈರ್ ಸವೆಯೋ ಮೊದಲೇ ಮುದಿಯಾಗುತ್ತೆ. ಅವರು ಹಳೇ ಸ್ಟಾಕ್ ತಗೊಂಡ್ರೆ, ಬಳಸದೇ ಬಿಸಾಕೋ ಗ್ರಿಪ್‌ಗೆ ದುಡ್ಡು ಕೊಟ್ಟಂಗೆ. ಐದು ವರ್ಷ ಆದಮೇಲೆ ವರ್ಷಕ್ಕೊಂದು ಸಲ ಟೈರ್ ಚೆಕ್ ಮಾಡಿಸಿ, ಹತ್ತು ವರ್ಷ ಆದ್ರೆ ಗ್ರಿಪ್ ಇದ್ರೂ ತೆಗೆದುಬಿಡಿ ಅಂತ ಟೈರ್ ಕಂಪನಿಗಳೇ ಹೇಳ್ತವೆ.

ಅಂಗಡಿಗೆ ಹೋಗೋ ಮೊದಲೇ ಫೋನಿನಲ್ಲಿ ಕೇಳಿ. "ಅಣ್ಣಾ, ಈ ಸೈಜ್ ಇದ್ಯಾ? ಯಾವ ವರ್ಷದ್ದು? ಆ ನಾಲ್ಕು ನಂಬರ್‌ನ ಒಂದು ಫೋಟೋ ವಾಟ್ಸಾಪ್ ಮಾಡ್ತೀರಾ?" ತರೀಕೆರೆ, ಕಡೂರು, ಶಿವಮೊಗ್ಗ, ಚಿಕ್ಕಮಗಳೂರು, ನಾಲ್ಕು ಕಡೆ ಕೇಳಿದ್ರೆ ರೇಟೂ ತಿಳಿಯುತ್ತೆ, ಯಾರು ಫೋಟೋ ಕಳಿಸೋಕೆ ಹಿಂದೆಮುಂದೆ ನೋಡ್ತಾರೆ ಅನ್ನೋದೂ ತಿಳಿಯುತ್ತೆ.

ಸೈಜಿನಲ್ಲಿ ಚೌಕಾಸಿ ಬೇಡ

ನಮ್ಮ ಕೇಳುಗರ ಸ್ವಿಫ್ಟ್ ಕೆಳಗಿನ ಮಾಡೆಲ್ ಆದ್ರೆ ಅದ್ರ ಟೈರ್ ಮೇಲೆ 165/80 ಆರ್14 ಅಂತಿರುತ್ತೆ. 165 ಅಂದ್ರೆ ಅಗಲ, ಮಿಲಿಮೀಟರ್‌ನಲ್ಲಿ. 80 ಅಂದ್ರೆ ಪಕ್ಕದ ಎತ್ತರ ಅಗಲದ ಶೇಕಡ 80, ಅಂದ್ರೆ 132 ಮಿಲಿಮೀಟರ್. 14 ರಿಮ್‌ನ ಇಂಚು. ಅದೇ ಸ್ವಿಫ್ಟ್‌ನ ಮೇಲಿನ ಮಾಡೆಲ್‌ಗೆ ಬರೋದು 185/65 ಆರ್15. ಅದರ ಪಕ್ಕದ ಎತ್ತರ ಸುಮಾರು 120. ಎರಡರ ಒಟ್ಟು ಎತ್ತರ ಲೆಕ್ಕ ಹಾಕಿ ನೋಡಿ, ಒಂದು 620 ಮಿಲಿಮೀಟರ್, ಇನ್ನೊಂದು 621 ಚಿಲ್ಲರೆ. ಕಂಪನಿಯೋರು ಬೇಕಂತಲೇ ಸಮ ಇಟ್ಟಿದ್ದಾರೆ, ಇಲ್ಲದಿದ್ರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತೆ.

ಹಾಗಾದ್ರೆ 15 ಇಂಚಿಗೆ ಹೋದ್ರೆ ಚೆನ್ನಾಗಿರುತ್ತಾ? ನೋಡೋಕೆ ಹೌದು. ಆದ್ರೆ ಘಾಟಿ ರಸ್ತೇಲಿ ಗುಂಡಿಗೆ ಇಳಿದಾಗ ಏಟು ತಿನ್ನೋದು ಆ ಪಕ್ಕದ ರಬ್ಬರ್. 132 ಇರೋದು 120 ಇರೋದಕ್ಕಿಂತ ಜಾಸ್ತಿ ಏಟು ತಡೆಯುತ್ತೆ, ರಿಮ್ ಬೆಂಡಾಗೋದೂ ಕಮ್ಮಿ. ಕೆಳಗಿನ ಮಾಡೆಲ್ ಕಾರು ಇರೋರು ಬೇಜಾರು ಮಾಡ್ಕೋಬೇಡಿ, ನಮ್ಮ ರಸ್ತೆಗೆ ನಿಮ್ಮ ಟೈರೇ ಸರಿ. ಬೆಲೆಯೂ ಕಮ್ಮಿ.

ಸೈಜ್ ಆದಮೇಲೆ ಒಂದು ನಂಬರ್, ಒಂದು ಅಕ್ಷರ ಇರುತ್ತೆ. 85 ಟಿ ಅಂತ. 85 ಅಂದ್ರೆ ಒಂದು ಟೈರ್ 515 ಕೆಜಿ ತನಕ ಹೊರುತ್ತೆ. ಟಿ ಅಂದ್ರೆ ಗಂಟೆಗೆ 190 ಕಿಲೋಮೀಟರ್ ತನಕದ ವೇಗ. ಆ ವೇಗ ನಮಗೆ ಬೇಕಿಲ್ಲ, ಆದ್ರೆ ಭಾರದ ನಂಬರ್ ಕಾರಿನ ಪುಸ್ತಕದಲ್ಲಿ ಇರೋದಕ್ಕಿಂತ ಕಮ್ಮಿ ಇರೋ ಟೈರ್ ಮಾತ್ರ ಬೇಡ. "ಒಂದು ಸೈಜ್ ಕಮ್ಮಿದು ಹಾಕ್ಕೊಳ್ಳಿ, ಐನೂರು ಉಳಿಯುತ್ತೆ" ಅನ್ನೋರು ಸಿಗ್ತಾರೆ. ಐದು ಜನ ನೆಂಟರು, ಡಿಕ್ಕಿ ತುಂಬಾ ಬ್ಯಾಗು, ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಿನ ಎರಡು ಟೈರ್ ಮೇಲೆ. ಐನೂರಕ್ಕೆ ಇದು ಬೇಡ.

ಹಾಗೇ ಹೆಬ್ಬೆ ಫಾಲ್ಸ್‌ಗೆ ಹೋಗೋ ಜೀಪುಗಳ ದಪ್ಪ ಗ್ರಿಪ್ ಟೈರ್ ನೋಡಿ ಆಸೆ ಪಡಬೇಡಿ. ಅದು ಕಾಡಿನ ಕೆಸರು ದಾರಿಗೆ. ಡಾಂಬರ್ ಮೇಲೆ ಗಲಾಟೆ, ಮೈಲೇಜ್ ಕಮ್ಮಿ, ಒದ್ದೆ ಟಾರಿನಲ್ಲಿ ಹಿಡಿತವೂ ಸಾಮಾನ್ಯ ಟೈರಿನಷ್ಟು ಇರಲ್ಲ.

ಕಂಪನಿ ಯಾವುದು ಅಂತ ಎಲ್ಲರೂ ಕೇಳ್ತಾರೆ. ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ, ಎಲ್ಲರ ಹತ್ರನೂ ನಮ್ಮ ಸೈಜಿಗೆ ಕಮ್ಮಿ ಬೆಲೆಯ ಮಾಡೆಲ್ ಇವೆ, ಎಲ್ಲದರ ಮೇಲೂ ಐಎಸ್‌ಐ ಗುರುತು ಕಡ್ಡಾಯ. (ಜೆಕೆ ನಮ್ಮ ಮೈಸೂರಿನ ವಿಕ್ರಾಂತ್ ಟೈರ್ಸ್‌ನ 1997ರಲ್ಲಿ ತಗೊಂಡ ಕಂಪನಿ. ಅಪ್ಪನ ಕಾಲದೋರಿಗೆ ವಿಕ್ರಾಂತ್ ಅಂದ್ರೆ ಈಗ್ಲೂ ಮುಖ ಅರಳುತ್ತೆ.) ಬ್ರ್ಯಾಂಡ್ ಜಗಳಕ್ಕೆ ನಾನು ಬರಲ್ಲ. ಒಂದು ಮಾತು ಮಾತ್ರ: ಲಕ್ಷ ಕಿಲೋಮೀಟರ್ ಬರುತ್ತೆ ಅಂತ ಮಾರೋ ಟೈರ್ ಬೇಗ ಸವೀಬಾರದು ಅಂತ ಮಾಡಿರೋದು. ಬೇಗ ಸವೆಯದ ರಬ್ಬರ್ ಸಾಮಾನ್ಯವಾಗಿ ಗಟ್ಟಿ. ಬಯಲುಸೀಮೇಲಿ, ಅಜ್ಜಂಪುರದ ಕಡೆ ನೇರ ರಸ್ತೇಲಿ ಓಡಾಡೋರಿಗೆ ಅದು ಸೊಗಸಾದ ವ್ಯಾಪಾರ. ವಾರಕ್ಕೆರಡು ಸಲ ಘಾಟಿ ಹತ್ತೋರು "ಒದ್ದೆ ರಸ್ತೇಲಿ ಹಿಡಿತ ಹೇಗೆ" ಅಂತ ಮೊದಲು ಕೇಳಿ, ಎಷ್ಟು ಸಾವಿರ ಕಿಲೋಮೀಟರ್ ಅಂತ ಆಮೇಲೆ.

ಹಾಗಾದ್ರೆ ಆ ಹತ್ತು ಸಾವಿರ?

ನಾಲ್ಕು ಹಳೇ ಟೈರ್ ಬೇಡ. ಎರಡು ಹೊಸದು ತಗೊಳ್ಳಿ. ಉದಾಹರಣೆಯ ಬೆಲೇಲಿ 9,000. ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಹೊಸ ವಾಲ್ವ್, ಅಲೈನ್‌ಮೆಂಟ್‌ಗೆ ಉಳಿದ ಒಂದು ಸಾವಿರ. ಈ ನಾಲ್ಕೂ ರೇಟಿನೊಳಗೇ ಸೇರಿದ್ಯಾ ಅಂತ ಮೊದಲೇ ಕೇಳಿ, ಹಳೇ ಟೈರ್‌ಗೆ ಎಷ್ಟು ಹಿಡೀತೀರಿ ಅಂತಾನೂ ಕೇಳಿ. ಟೈರ್ ಬೆಲೇಲಿ ಇನ್ನೂರು ಉಳಿಸಿ ಫಿಟ್ಟಿಂಗ್‌ನಲ್ಲಿ ನಾನೂರು ಕಳ್ಕೊಳ್ಳೋದು ತುಂಬಾ ಜನ ಮಾಡೋ ವ್ಯಾಪಾರ.

ಈಗ ದೊಡ್ಡ ಜಗಳದ ವಿಷಯ. ಆ ಎರಡು ಹೊಸ ಟೈರ್ ಎಲ್ಲಿ ಹಾಕ್ಬೇಕು? ಅಂಗಡೀಲಿ ಹೇಳೋದು "ಮುಂದೆ ಹಾಕ್ಸಿ ಸಾರ್, ಇಂಜಿನ್ ಮುಂದೆ, ಸ್ಟೇರಿಂಗ್ ಮುಂದೆ, ಎಳೆಯೋದೂ ಮುಂದಿನ ಚಕ್ರ" ಅಂತ. ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ದೊಡ್ಡ ಟೈರ್ ಕಂಪನಿಗಳು ಇದಕ್ಕೆ ಉಲ್ಟಾ ಹೇಳ್ತವೆ: ಹೊಸದು ಹಿಂದೆ.

ಕಾರಣ ಇದು. ಒದ್ದೆ ತಿರುವಿನಲ್ಲಿ ಮುಂದಿನ ಟೈರ್ ಜಾರಿದ್ರೆ, ಸ್ಟೇರಿಂಗ್ ತಿರುಗಿಸಿದ್ರೂ ಕಾರು ನೇರ ಹೋಗೋಕೆ ನೋಡುತ್ತೆ. ಭಯ ಆಗುತ್ತೆ ನಿಜ, ಆದ್ರೆ ಸ್ಟೇರಿಂಗ್ ಹಗುರಾಗಿದ್ದು ಕೈಗೆ ಗೊತ್ತಾಗುತ್ತೆ, ಆಕ್ಸಿಲರೇಟರ್ ಬಿಟ್ರೆ ವೇಗ ಇಳಿದು ಹಿಡಿತ ವಾಪಸ್ ಬರುತ್ತೆ. ಹಿಂದಿನ ಟೈರ್ ಜಾರಿದ್ರೆ ಕೈಗೆ ಮುನ್ಸೂಚನೆ ಸಿಗಲ್ಲ. ಕಾರಿನ ಹಿಂಭಾಗ ಬೀಸಿಕೊಂಡು ಬಂದು ಕಾರೇ ಸುತ್ತಿಬಿಡುತ್ತೆ. ಇಳಿಜಾರಿನಲ್ಲಂತೂ ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಹೋಗಿ ಹಿಂಭಾಗ ಮೊದಲೇ ಹಗುರಾಗಿರುತ್ತೆ. ಬಯಲಲ್ಲಿ ಸುತ್ತಿದ್ರೆ ಪಕ್ಕದ ಹೊಲಕ್ಕೆ ಇಳೀತೀವಿ. ಕಲ್ಲತ್ತಿಗಿರಿ ಮೇಲಿನ ತಿರುವಲ್ಲಿ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನಿದೆ ಅಂತ ನಿಮಗೇ ಗೊತ್ತು.

ಹಾಗಾಗಿ ಹೊಸದೆರಡು ಹಿಂದೆ. ಈಗಿರೋ ನಾಲ್ಕರಲ್ಲಿ ಚೆನ್ನಾಗಿರೋ ಎರಡು ಮುಂದೆ. ಆ ಎರಡರಲ್ಲೂ 3 ಮಿಲಿಮೀಟರ್ ಇದ್ರೆ ಮಾತ್ರ ಮಳೇಲಿ ಘಾಟಿ. ಇಲ್ಲ ಅಂದ್ರೆ ಇನ್ನೆರಡು ಟೈರ್‌ಗೆ ದುಡ್ಡು ಆಗೋ ತನಕ ನೆಂಟರಿಗೆ ಅಮೃತಾಪುರದ ದೇವಸ್ಥಾನ ತೋರ್ಸಿ. ಅದೂ ನಮ್ಮ ತರೀಕೆರೆಯ ಹೆಮ್ಮೆಯೇ, ಹೊಯ್ಸಳರ ಕಾಲದ್ದು, ದಾರೀಲಿ ಹೇರ್‌ಪಿನ್ ಇಲ್ಲ. ಒಂದೇ ಆಕ್ಸೆಲ್‌ಗೆ ಎಡಗಡೆ ಒಂದು ಕಂಪನಿ, ಬಲಗಡೆ ಇನ್ನೊಂದು ಕಂಪನಿ ಹಾಕೋದು ಬೇಡ, ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕ ಎಳೆಯಬಹುದು.

ಬಿಲ್ ಬಗ್ಗೆ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರ್ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ. "ಹತ್ತು ಪರ್ಸೆಂಟ್ ಇಳಿದಿದೆ, ರೇಟಿನಲ್ಲಿ ಹತ್ತು ಪರ್ಸೆಂಟ್ ಯಾಕೆ ಇಳಿದಿಲ್ಲ" ಅಂತ ಅಂಗಡಿಯೋರ ಜೊತೆ ಜಗಳಕ್ಕೆ ಹೋಗಬೇಡಿ. 128 ಇದ್ದದ್ದು 118 ಆದ್ರೆ ನಮ್ಮ ಕೈಯಿಂದ ಹೋಗೋ ದುಡ್ಡಿನಲ್ಲಿ ಇಳಿಯೋದು ಶೇಕಡ 7.8. ಇವತ್ತು 4,500 ಇರೋ ಟೈರ್ ಹಳೇ ತೆರಿಗೇಲಿ ಸುಮಾರು 4,880 ಆಗ್ತಿತ್ತು. "ಬಿಲ್ ಬೇಡ ಅಂದ್ರೆ ಇನ್ನೂ ಮುನ್ನೂರು ಕಮ್ಮಿ" ಅಂದ್ರೆ ಬೇಡ ಅನ್ನಿ. ಆರು ತಿಂಗಳಿಗೆ ಟೈರ್ ಪಕ್ಕ ಗುಳ್ಳೆ ಎದ್ರೆ ವಾರಂಟಿ ಕೇಳೋಕೆ ಬಿಲ್ಲೇ ಆಧಾರ. ವಾರಂಟೀಲೂ ಪೂರ್ತಿ ಟೈರ್ ಫ್ರೀ ಕೊಡಲ್ಲ, ಸಾಮಾನ್ಯವಾಗಿ ಸವೆದಷ್ಟಕ್ಕೆ ದುಡ್ಡು ಹಿಡಿದು ಉಳಿದದ್ದಕ್ಕೆ ಮಾತ್ರ ಕೊಡೋದು. ಮತ್ತೆ ಅದೇ ಮಿಲಿಮೀಟರ್ ಲೆಕ್ಕ.

ಹಾಕಿಸಿದ ಮೇಲೆ ಗಾಳಿ. ಡ್ರೈವರ್ ಬಾಗಿಲು ತೆಗೆದ್ರೆ ಆ ಚೌಕಟ್ಟಿನ ಹತ್ರ ಸ್ಟಿಕ್ಕರ್ ಇರುತ್ತೆ, ಅದ್ರಲ್ಲಿರೋ ನಂಬರ್ ಸರಿ. ಟೈರ್ ತಣ್ಣಗಿರುವಾಗ ಬೆಳಗ್ಗೆ ಹೊಡೆಸಿ. "ಮೇಲೆ ಹೋದ್ರೆ ಗಾಳಿ ಜಾಸ್ತಿ ಆಗುತ್ತಂತೆ, ಕಮ್ಮಿ ಮಾಡ್ಕೊಂಡು ಹೋಗ್ಲಾ" ಅಂತ ಕೆಲವರು ಕೇಳಿದ್ದಾರೆ. ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹತ್ತಿದ್ರೆ ಎತ್ತರದಿಂದ ಒಂದು ಪಿಎಸ್‌ಐ ಏರುತ್ತೆ, ಮೇಲಿನ ತಂಪಿಗೆ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತೆ. ಮುಟ್ಟಬೇಡಿ. ಗಾಳಿ ಕಮ್ಮಿ ಇಟ್ಟು ಹೇರ್‌ಪಿನ್ ತಿರುಗಿಸಿದ್ರೆ ಮುಂದಿನ ಟೈರ್‌ನ ಹೊರ ಅಂಚು ಬೇಗ ತಿಂದುಹೋಗುತ್ತೆ. ನೈಟ್ರೋಜನ್ ಬೇಕಾ? ಫ್ರೀ ಇದ್ರೆ ಹಾಕಿಸ್ಕೊಳ್ಳಿ.

ಕೊನೇದಾಗಿ ಸ್ಟೆಪ್ನಿ. ಹಳೇ ಕಾರುಗಳಲ್ಲಿ ಸ್ಟೆಪ್ನಿ ಒಂದು ದಿನವೂ ರಸ್ತೆ ಮುಟ್ಟಿರಲ್ಲ, ಗ್ರಿಪ್ ಪೂರ್ತಿ ಇರುತ್ತೆ. "ಒಂದೇ ಹೊಸದು ತಗೊಂಡು ಸ್ಟೆಪ್ನಿ ಜೊತೆ ಜೋಡಿ ಮಾಡಿದ್ರೆ ನಾಲ್ಕೂವರೆ ಸಾವಿರ ಉಳೀತು" ಅಂತ ಯಾರಿಗಾದ್ರೂ ಹೊಳೆದೇ ಹೊಳೆಯುತ್ತೆ. ಮೊದಲು ಡಿಕ್ಕಿ ತೆಗೆದು, ಕಾರ್ಪೆಟ್ ಎತ್ತಿ, ಅದ್ರ ನಾಲ್ಕು ಅಂಕಿ ನೋಡಿ. ಕಾರು 2014ರದ್ದಾದ್ರೆ ಆ ಟೈರೂ 2014ರದ್ದೇ ಇರುತ್ತೆ. ಅದು ಪಂಚರ್ ಆದಾಗ ಲಿಂಗದಹಳ್ಳಿ ತನಕ ನಿಧಾನಕ್ಕೆ ಇಳಿದು ಬರೋಕೂ ಲಾಯಕ್ಕಾ ಅಂತ ಟೈರ್ ಅಂಗಡೀಲೇ ಒಂದ್ಸಲ ತೋರಿಸ್ಬಿಡಿ. ಹಾಗೇ ಅದಕ್ಕೂ ಗಾಳಿ ಹೊಡೆಸಿ. ಜಾಕ್ ಮತ್ತು ವೀಲ್ ಸ್ಪ್ಯಾನರ್ ಡಿಕ್ಕೀಲಿದ್ಯಾ ಅಂತಾನೂ ನೋಡಿ, ಮೇಲೆ ಎಷ್ಟೋ ಕಡೆ ನೆಟ್‌ವರ್ಕ್ ಸಿಗಲ್ಲ.